ಚಕ್ಕಡಿಯ ಮೂಕಿಗೊಂದು ಕಲ್ಲು

ಚಿ. ನೀಲಾಳಿಗೆ ಅಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿನ್ನ ಅವ್ವನ ಮೊಣಕಾಲು ನೋವು ಮಾತ್ರ ಇದ್ದದ್ದೇ.

ಕಾರಿನಲ್ಲೇ ಕುಳಿತು ಸಿನಿಮಾ ನೋಡಿದ ಫೋಟೋ ಕಳಿಸಿ, "ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎಂದು ಕೇಳಿದ್ದೀಯಲ್ಲ. ಇತ್ತವ್ವಾ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲೇ ಇತ್ತು. ಕಾರಿನ ಬದಲು ಚಕ್ಕಡಿ, ಅಷ್ಟೇ.

ಬನದ ಹುಣ್ಣಿಮೆಗೆ ನಾಟಕ ಕಂಪನಿಗಳು ಈಗಲೂ ಬಂದು ಬೀಡುಬಿಡುತ್ತವೆ. ಆಗ ಅವುಗಳ ಮಗ್ಗುಲಲ್ಲಿ ಟೂರಿಂಗ್ ಟಾಕೀಸೂ ಇರುತ್ತಿತ್ತು. ನಾನು ಕಂಡದ್ದಕ್ಕೆ ಮೇಲೆ ಏನೂ ಇರಲಿಲ್ಲ, ಸುತ್ತ ಆಳೆತ್ತರದ ತಗಡು. ಎಂಟು ಜನರಿಗೆ ಟಿಕೆಟ್ ತೆಗೆಸುವಷ್ಟು ದುಡ್ಡು ನನ್ನ ಅಜ್ಜನ, ಅಂದರೆ ನಿನ್ನ ಮುತ್ತಜ್ಜನ ಬಳಿ ಎಲ್ಲಿಂದ ಬರಬೇಕು? ಪರದೆಯ ಹಿಂದಿನ ದಿಬ್ಬಕ್ಕೆ ಚಕ್ಕಡಿ ಹೊಡೆದು, ಎತ್ತುಗಳನ್ನು ನೊಗದಿಂದ ಬಿಚ್ಚಿ, ಮೇವು ಹಾಕುತ್ತಿದ್ದ. ಎತ್ತು ಬಿಟ್ಟ ಚಕ್ಕಡಿ ಮುಂದಕ್ಕೆ ವಾಲುತ್ತದೆ, ಕುಳಿತ ಮಕ್ಕಳೆಲ್ಲ ಜಾರಿ ಒಂದೇ ಕಡೆ ರಾಶಿ. ಅದಕ್ಕೆ ಮೂಕಿಯ, ಅಂದರೆ ನೊಗ ಕಟ್ಟುವ ಮುಂದಿನ ಮರದ ಕೆಳಗೆ ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಿದ್ದ. ಚಕ್ಕಡಿ ಮೂತಿ ಎತ್ತಿಕೊಂಡು ನಿಲ್ಲುತ್ತಿತ್ತು, ಮುಂದಿನ ಚಕ್ಕಡಿಯವರ ರುಮಾಲಿನ ಮೇಲಿಂದ ಪರದೆ ನಿಚ್ಚಳವಾಗಿ ಕಾಣುತ್ತಿತ್ತು.

ಹಿಂದಿನಿಂದ ನೋಡಿದರೆ ಎಲ್ಲವೂ ತಿರುಗುಮುರುಗು. ಹೆಸರುಗಳು ಬಲದಿಂದ ಎಡಕ್ಕೆ ಬರುತ್ತಿದ್ದವು. ಓದು ಬಾರದ ಅಜ್ಜನಿಗೆ ಅದರಿಂದ ನಷ್ಟವೇನಿಲ್ಲ. ನಾಯಕಿಯ ಸೆರಗು ಬಲಹೆಗಲಿಗೆ. ನಾಯಕ ಎಡಗೈಯಲ್ಲಿ ಉಣ್ಣುವುದನ್ನು ಕಂಡು ಅಜ್ಜಿ, "ಇವನಿಗೆ ಹೆಣ್ಣು ಕೊಟ್ಟವರು ಯಾರು!" ಎಂದು ಸಜ್ಜೆ ರೊಟ್ಟಿ ಮುರಿಯುತ್ತಿದ್ದಳು. ಪ್ರೊಜೆಕ್ಟರ್ ಒಂದೇ, ಹಾಗಾಗಿ ರೀಲು ಮುಗಿದಾಗಲೆಲ್ಲ ದೀಪ. ಆಪರೇಟರ್ ತೂಕಡಿಸಿದರೆ ಒಳಗೆ ಉರಿಯುವ ಎರಡು ಕಾರ್ಬನ್ ಕಡ್ಡಿಗಳ ನಡುವೆ ಅಂತರ ಹೆಚ್ಚಿ ಪರದೆ ಮಂಕಾಗುತ್ತಿತ್ತು. ಒಳಗಿನವರು "ಕಾರ್ಬನ್, ಕಾರ್ಬನ್!" ಎಂದು ಕೂಗುವರು. ಬಿಟ್ಟಿ ನೋಡುತ್ತಿದ್ದ ನಾವು ಅವರಿಗಿಂತ ಜೋರಾಗಿ ಕೂಗುತ್ತಿದ್ದೆವು.

ನಿನ್ನ ಫೋಟೋ ಬಂದ ಮೇಲೆ ಒಂದಿಷ್ಟು ಓದಿಕೊಂಡೆ. ಕಾರಿನಲ್ಲೇ ಕುಳಿತು ನೋಡುವ ಇಂಥ ಸಿನಿಮಾ ಮೈದಾನಕ್ಕೆ ಡ್ರೈವ್-ಇನ್ ಎನ್ನುತ್ತಾರಲ್ಲ, ಅದರಲ್ಲಿ ಮೊದಲನೆಯದು ನೀನಿರುವ ನ್ಯೂಜೆರ್ಸಿಯದೇ. ಕ್ಯಾಮ್ಡನ್ ಬಳಿ 1933ರ ಜೂನ್ 6ರಂದು ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ತೆರೆದದ್ದು. ಕಾರಿಗೆ 25 ಸೆಂಟು, ತಲೆಗೆ 25 ಸೆಂಟು. ಅದಕ್ಕೂ ಮೊದಲು ಮನೆಯಂಗಳದಲ್ಲಿ ಮರಗಳಿಗೆ ಬಟ್ಟೆ ಕಟ್ಟಿ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು ನೋಡಿದನಂತೆ. ಮುಂದಿನ ಕಾರು ಹಿಂದಿನವರಿಗೆ ಅಡ್ಡ ಬರಬಾರದಲ್ಲ? ಮುಂಗಾಲಿಗಳ ಕೆಳಗೆ ದಿಮ್ಮಿ ಕೊಟ್ಟು ಮೂತಿ ಎತ್ತಿಸಿದ! ಓದುತ್ತಲೇ ನಾನು ಎದ್ದು ಕುಳಿತೆ. ಆಮೇಲೆ ದಿಮ್ಮಿಯ ಬದಲು ನೆಲವನ್ನೇ ಏರು ಮಾಡಿದ, ಆ ಏರ್ಪಾಟಿಗೆ ಅವನಿಗೆ ಪೇಟೆಂಟ್ ಕೂಡ ಸಿಕ್ಕಿತ್ತು. 1949ರಲ್ಲಿ ಅಲ್ಲಿಯ ನ್ಯಾಯಾಲಯ, ಇದರಲ್ಲಿ ಹೊಸ ಆವಿಷ್ಕಾರವೇನೂ ಇಲ್ಲವೆಂದು ಅದನ್ನು ತಳ್ಳಿಹಾಕಿತು. ಅಜ್ಜನನ್ನು ಸಾಕ್ಷಿಗೆ ಕರೆದಿದ್ದರೆ ಅದಕ್ಕೂ ಮೊದಲೇ ತೀರ್ಪು ಬರುತ್ತಿತ್ತು.

ಆ ಮೊದಲ ಡ್ರೈವ್-ಇನ್ ಕೆಲವೇ ವರ್ಷ ನಡೆದು ಮುಚ್ಚಿತಂತೆ. ನಮ್ಮ ಟಾಕೀಸಿನದೂ ಅದೇ ಕಥೆ. ಊರೂರಿಗೆ ಟಿವಿ, ವಿಡಿಯೋ ಬಂದವು. ಒಂದು ವರ್ಷ ಜಾತ್ರೆಗೆ ಹೋದರೆ ಆ ಜಾಗದಲ್ಲಿ ತೊಟ್ಟಿಲು ತಿರುಗುತ್ತಿತ್ತು. ಅಜ್ಜ ಅಭ್ಯಾಸಬಲದಿಂದ ದಿಬ್ಬಕ್ಕೇ ಚಕ್ಕಡಿ ಹೊಡೆದ, ಕಲ್ಲನ್ನೂ ಕೊಟ್ಟ. ನಾವು ರೊಟ್ಟಿ ತಿಂದು, ತೊಟ್ಟಿಲ ದೀಪ ನೋಡಿಕೊಂಡು ಅಲ್ಲೇ ಮಲಗಿದೆವು.

ನೀನು ಹೋದ ಮೈದಾನದಲ್ಲೂ ಕಾರಿನ ಮೂತಿ ಮೇಲಕ್ಕಿತ್ತೋ, ನೆಲ ಮಟ್ಟಸವಾಗಿತ್ತೋ? ಫೋಟೋದಲ್ಲಿ ಬರೀ ನಿನ್ನ ಮುಖವೇ ಇದೆ. ಮುಂದಿನ ಸಲ ಗಾಲಿಯದೊಂದು ಫೋಟೋ ತೆಗೆದು ಕಳಿಸು.

ನಿನ್ನ ಅಪ್ಪ