ಬಾಲ ಮುರಿದ ಗೆಡ್ಡೆಲಿ ಡೇರೆ ಅರಳಿದೆ ಅಮ್ಮಾ

ಅಮ್ಮಾ,

ನಿನ್ನೆ ಫೋನಲ್ಲಿ ಪೂರ್ತಿ ಹೇಳಕ್ಕಾಗ್ಲಿಲ್ಲ, ಅದಕ್ಕೆ ಕೂತು ಬರೀತಿದೀನಿ. ಫೋಟೋದಲ್ಲಿ ನೋಡಿದ್ಯಲ್ಲ ಆ ನೇರಳೆ ಡೇರೆ ಹೂ, ನನ್ನ ಅಂಗೈಗಿಂತ ದೊಡ್ಡದು, ಅದು ಬಂದಿದ್ದು ಅಂಗಡಿಲಿ ಯಾರೂ ಮುಟ್ಟದೇ ಉಳಿದಿದ್ದ ಗೆಡ್ಡೆಯಿಂದ. ಸೀಸನ್ ಮುಗೀತಾ ಬಂದಿತ್ತು, ಮುರಿದಿದ್ದು, ಸುಕ್ಕಾಗಿದ್ದು, ಕಿರುಬೆರಳಷ್ಟೇ ಇರೋದು ಎಲ್ಲಾ ಒಂದೇ ಡಬ್ಬಕ್ಕೆ ಸುರಿದು ಡಿಸ್ಕೌಂಟ್ ಅಂತ ಇಟ್ಟಿದ್ರು, ನಾನು ಅರ್ಧ ಗಂಟೆ ನಿಂತು ಒಂಬತ್ತು ಆರಿಸ್ಕೊಂಡು ಬಂದೆ.

ಆರಿಸೋದ್ರಲ್ಲೇ ಇರೋದು ಎಲ್ಲಾ. ಆಲೂಗಡ್ಡೆಗಾದ್ರೆ ಮೈತುಂಬಾ ಮೊಳಕೆ ಬರೋ ಕಣ್ಣು. ಡೇರೆಗೆ ಹಂಗಲ್ಲ, ಹಳೇ ಕಾಂಡ ಸೇರ್ಕೊಂಡಿರುತ್ತಲ್ಲ ಆ ನೆತ್ತಿಲಿ ಮಾತ್ರ. ನೆತ್ತಿ ಕಿತ್ತುಹೋಗಿದ್ರೆ ಗೆಡ್ಡೆ ಎಷ್ಟೇ ದಪ್ಪ ಇರ್ಲಿ, ಬೇರು ಬಿಟ್ರೂ ಬಿಡಬಹುದು, ಮೊಳಕೆ ಮಾತ್ರ ಬರಲ್ಲ. ಕುತ್ತಿಗೆ ಮುರಿದು ಜೋತಾಡ್ತಿದ್ರೂ ಅಷ್ಟೇ. ಬಾಲದ ಕಡೆ ಮುರಿದಿದ್ರೆ ಏನೂ ತೊಂದ್ರೆ ಇಲ್ಲ. ಇನ್ನೊಂದು, ನೆತ್ತಿ ಹತ್ರ ಹೂಕೋಸಿನ ಥರ ಸಣ್ಣ ಸಣ್ಣ ಮೊಗ್ಗು ಗಿಜಿಗಿಜಿ ಅಂತ ಗಂಟು ಕಟ್ಟಿದ್ರೆ ಪುಕ್ಕಟೆ ಕೊಟ್ರೂ ತರಬಾರ್ದು, ಅದು ಬ್ಯಾಕ್ಟೀರಿಯಾದ ರೋಗ, ಚಾಕುವಿಂದ ಬೇರೆ ಗೆಡ್ಡೆಗೂ ಹತ್ಕೊಳುತ್ತೆ.

ಈ ನೇರಳೆದಕ್ಕೆ ಅರ್ಧ ಮೈಯೇ ಇರ್ಲಿಲ್ಲ. ಮುರಿದ ತುದಿ ಕಂದಾಗಿ ಮೆತ್ತಗಾಗಿತ್ತು. ಚಾಕುನ ಸ್ಪಿರಿಟ್ಟಲ್ಲಿ ಒರೆಸಿ ತೆಳ್ಳಗೆ ಕೊಯ್ತಾ ಹೋದೆ, ಒಂದು ಬಿಲ್ಲೆ, ಇನ್ನೊಂದು ಬಿಲ್ಲೆ, ಒಳಗಡೆ ಬೆಳ್ಳಗೆ ಗಟ್ಟಿ ತಿರುಳು ಸಿಗೋ ತನಕ. ಆಮೇಲೆ ಎರಡು ದಿನ ಗಾಳಿಯಾಡೋ ಕಡೆ ನೆರಳಲ್ಲಿ ಇಟ್ಟೆ, ಗಾಯ ಒಣಗಿ ಮೇಲೊಂದು ಪೊರೆ ಕಟ್ತು. ಸುಕ್ಕಾಗಿದ್ದ ಎರಡನ್ನ ಒಂದು ಗಂಟೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದೆ ಅಷ್ಟೇ. ಮೂಲದಲ್ಲಿ ಇದು ಮೆಕ್ಸಿಕೋದ ಬೆಟ್ಟದ ಸೀಮೆ ಗಿಡ ಅಲ್ವಾ, ಅಲ್ಲಿ ಮಳೆ ಇಲ್ಲದ ತಿಂಗಳೆಲ್ಲಾ ಮಣ್ಣೊಳಗೆ ಬರೀ ಗೆಡ್ಡೆಯಾಗೇ ಬದುಕಿರುತ್ತೆ (1963ರಿಂದ ಅವರ ರಾಷ್ಟ್ರೀಯ ಹೂವೂ ಇದೇ), ಹಾಗಾಗಿ ಸ್ವಲ್ಪ ಒಣಗಿದೆ ಅಂತ ಬಿಟ್ಬಿಡೋ ಹಾಗಿಲ್ಲ.

ತಪ್ಪು ಮಾಡಿದ್ದು ಇಲ್ಲಿ. ಕುಂಡಕ್ಕೆ ಹಾಕಿದ ಮೇಲೆ ಪಾಪ ಒಣಗ್ತಿದೆ ಅಂತ ದಿನಾ ನೀರು ಹಾಕ್ಬಿಟ್ಟೆ. ಬೇರೇ ಇಲ್ಲದ ಗೆಡ್ಡೆ ಆ ನೀರನ್ನ ಎಲ್ಲಿಂದ ಎಳ್ಕೊಳುತ್ತೆ ಹೇಳು, ಮೂರು ಕೊಳೆತು ಹೋದ್ವು, ತುಂಬಾ ಬೇಜಾರಾಯ್ತು. ಉಳಿದ ಆರನ್ನ ಬರೀ ತೇವ ಇರೋ ಮಣ್ಣಲ್ಲಿ, ನೆತ್ತಿ ಹೊರಗೆ ಕಾಣೋ ಹಾಗೆ, ಬೆಚ್ಚಗಿರೋ ರೂಮಲ್ಲಿ ಇಟ್ಟು ಸುಮ್ಮನಾದೆ. ಐದು ಎದ್ವು. ಬಾಲ ಇಲ್ಲದ್ದು ಮಾತ್ರ ಐದು ವಾರ ಆದ್ರೂ ಮಿಸುಕ್ಲಿಲ್ಲ, ದಿನಾ ಬೆಳಗ್ಗೆ ಟಾರ್ಚ್ ಹಾಕಿ ನೋಡ್ತಿದ್ದೆ. ಒಂದಿನ ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆ. ನಿಂಗೆ ಆಗ್ಲೇ ಫೋನ್ ಮಾಡ್ಬೇಕು ಅನ್ನಿಸ್ತು, ಅಲ್ಲಿ ಮಧ್ಯರಾತ್ರಿ.

ಹಿಮ ಬೀಳೋದು ನಿಂತ್ಮೇಲೆ ನೆಲಕ್ಕೆ ಹಾಕಿದೆ, ಒಂದಡಿ ಬೆಳೆದಾಗ ನಾಲ್ಕು ಜೊತೆ ಎಲೆ ಬಿಟ್ಟು ಕುಡಿ ಚಿವುಟಿದೆ. ಚಿಪ್ಪಿಲ್ಲದ ಬಸವನಹುಳ ಮಾತ್ರ ಸಾಕು ಸಾಕು ಮಾಡ್ತು, ರಾತ್ರಿ ಕೈಯಲ್ಲೇ ಹೆಕ್ಕಿದೆ.

ಪೂರ್ತಿ ರೇಟ್ ಕೊಟ್ಟು ತಂದ ದಪ್ಪ ಗೆಡ್ಡೆದೂ ಪಕ್ಕದಲ್ಲೇ ಇದೆ, ಇದೇ ಜಾತಿ. ಹೂ ಪಕ್ಕಪಕ್ಕ ಹಿಡಿದು ನೋಡಿದೆ, ಒಂದು ಚೂರೂ ವ್ಯತ್ಯಾಸ ಇಲ್ಲ. ಬೀಜದಿಂದ ಬಂದ್ರೆ ಯಾವ ಬಣ್ಣ ಬರುತ್ತೋ ಹೇಳಕ್ಕಾಗಲ್ಲ, ಗೆಡ್ಡೆಯಿಂದ ಬಂದಿದ್ದು ತಾಯಿಗಿಡದ ಪಡಿಯಚ್ಚು. ಬೇರು ಬಿಡೋ ತನಕ ಸಾಕಾಗೋಷ್ಟು ಆಹಾರ ಗೆಡ್ಡೆಯಲ್ಲಿದ್ರೆ ಆಯ್ತು, ಆಮೇಲೆ ಅದರ ಪಾಡು ಅದು ನೋಡ್ಕೊಳುತ್ತೆ.

ಇನ್ನೇನು ಹಿಮ ಬಿದ್ದು ಎಲೆ ಕಪ್ಪಾದ ಮೇಲೆ ಅಗೀಬೇಕು, ಆ ಅರ್ಧ ಗೆಡ್ಡೆ ಸುತ್ತ ಎಷ್ಟು ಹೊಸದು ಕಟ್ಟಿದೆ ಅಂತ ನೋಡಕ್ಕೆ ಕಾಯ್ತಿದೀನಿ. ನೀನೂ ಈ ಸಲ ಗೆಡ್ಡೆ ಕೀಳುವಾಗ ಮುರಿದವನ್ನ ಬಿಸಾಕ್ಬೇಡಮ್ಮ, ನೆತ್ತಿ ಕಾಣೋ ಹಾಗೆ ಹತ್ತಿರದಿಂದ ಫೋಟೋ ತೆಗೆದು ಕಳ್ಸು, ಕಣ್ಣಿದ್ಯಾ ಅಂತ ನಾನು ನೋಡಿ ಹೇಳ್ತೀನಿ.

ನಿನ್ನ ಮಗಳು