ತುಂಡಾದ ಬೆರಳು ಐಸಿನಾಗ ಹೂಳಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ಈ ಸಲ ಎಳ್ಳಮಾಸಿ ಮುಗದು ನಾಕ್ ದಿನಕ್ಕ ನನ್ನ ತಮ್ಮ ಕಣಿಕಿ ಕಡಿಯೋ ಮಷೀನಿನಾಗ ಬಲಗೈ ತೋರುಬೆರಳು ಕಳ್ಕೊಂಡ. ಬುಡಕ್ಕ ನೀಟಾಗಿ ತುಂಡಾಗಿತ್ರಿ, ಜಜ್ಜಿರಲಿಲ್ಲ. ಗಾಯಕ್ಕ ಅರಿಶಿಣ ಒತ್ತಿ ಟವೆಲ್ ಸುತ್ತಿದ್ವಿ, ಬೆರಳು ಆರಿಸ್ಕೊಂಡು ಸೋಡಾ ಅಂಗಡಿಯಿಂದ ತಂದ ಐಸಿನಾಗ ಹೂತು ಚೀಲ ಕಟ್ಟಿ ಆಳಂದದಿಂದ ಕಲಬುರಗಿಗೆ ಗಾಡಿ ಓಡಿಸ್ಕೊಂಡು ಬಂದ್ವಿ. ಡಾಕ್ಟ್ರು ಚೀಲ ಬಿಚ್ಚಿದಾಗ ಬೆರಳು ಬೆಳ್ಳಗ ಮ್ಯಾಣದಂಗ ಆಗಿತ್ತು. ಐಸ್ ನೇರ ಹತ್ತಿದ್ರ ಒಳಗಿನ ಸಣ್ಣ ರಕ್ತನಾಳ ಎಲ್ಲಾ ಸುಟ್ಟಂಗ ಆಗಿ ಸಾಯ್ತಾವ, ಇನ್ನ ಜೋಡ್ಸಕ್ಕ ಬರಲ್ಲ ಅಂದ್ರು.

ಮಾಡಬೇಕಾಗಿದ್ದು ಎಷ್ಟು ಸಣ್ಣ ಕೆಲಸ ನೋಡ್ರಿ. ಬೆರಳಿನ ಮಣ್ಣು ತಿಕ್ಕದೆ ಸ್ವಚ್ಛ ನೀರಾಗ ತೊಳೆದು, ಒದ್ದಿ ಮಾಡಿ ಹಿಂಡಿದ ಬಟ್ಟಿನಾಗ ಸುತ್ತಿ, ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಬಿಗಿಯಾಗಿ ಕಟ್ಟಬೇಕು, ಆ ಚೀಲ ಐಸ್ ನೀರಿರೋ ಇನ್ನೊಂದು ಚೀಲದಾಗ ಇಡಬೇಕು, ಅಷ್ಟೇ. ರಕ್ತ ನಿಂತ್ರ ಬೇಗ ಕೆಡೋ ಮಾಂಸಖಂಡ ಬೆರಳಿನಾಗ ಇರಲ್ಲ, ಅದಕ್ಕ ಹಿಂಗ ತಂಪಿಟ್ರ ಸ್ವಲ್ಪ ಹೊತ್ತು ತಡಕೋತದ. ಮಣಿಕಟ್ಟು, ಮೊಳಕೈ ಹತ್ರ ತುಂಡಾದ್ರ ಮಾತ್ರ 6 ತಾಸಿನೊಳಗ ಜೋಡ್ಸಿ ಅದರಾಗ ಮತ್ತ ರಕ್ತ ಹರಿಲಿಕ್ಕೇ ಬೇಕಂತ. ನಮ್ಮಲ್ಲಿ ಗಾಡಿ ಹುಡುಕೋದ್ರಾಗೇ 2 ತಾಸು ಹೋಗ್ತಾವ್ರಿ!

ಇದನ್ನ ಜೋಡ್ಸೋರು ಪ್ಲಾಸ್ಟಿಕ್ ಸರ್ಜನ್ ಅಂತ ನನಗ ಅವತ್ತೇ ಗೊತ್ತಾಗಿದ್ದು. ಪ್ಲಾಸ್ಟಿಕ್ ಸರ್ಜರಿ ಅಂದ್ರ ಹೀರೋಯಿನ್ ಮೂಗು ತುಟಿ ತಿದ್ದೋದು ಅಂತನೇ ನಮ್ಮೂರಾಗ ಎಲ್ಲಾರ ತಲ್ಯಾಗ ಕುಂತದ, ಕೆಲವ್ರಂತೂ ಒಳಗ ಪ್ಲಾಸ್ಟಿಕ್ ಇಡ್ತಾರ ಅಂತಾರ. ಖರೇ ಅಂದ್ರ ಅದು ಗ್ರೀಕ್ ಮಾತು, ಕುಂಬಾರ ಮಣ್ಣಿಗೆ ಆಕಾರ ಕೊಟ್ಟಂಗ ತಿದ್ದಿ ರೂಪ ಕೊಡೋದು ಅಂತ ಅರ್ಥ. ಬಿಸಿ ಎಣ್ಣಿ ಬಿದ್ದು ಮಗುವಿನ ಬೆರಳು ಒಂದಕ್ಕೊಂದು ಅಂಟಿ ಸೊಟ್ಟಗಾಗಿದ್ರ ಬಿಡಿಸಿ ತೊಡೆ ಚರ್ಮ ಕೂಡಿಸ್ತಾರ, ಹೆಬ್ಬೆರಳೇ ಹೋದ್ರ ಕಾಲಿನ ಬೆರಳು ತಂದು ಆ ಜಾಗಕ್ಕ ಜೋಡ್ಸತಾರ. ಬೈಕಿನಿಂದ ಬಿದ್ದು ಭುಜದ ನರ ಹರಿದು ಕೈ ಜೋತು ಬಿದ್ದವರು ಮಾತ್ರ ಎಣ್ಣಿ ತಿಕ್ಕೊಂತ ವರ್ಷ ಕಳೀಬಾರ್ದು, ಯಾಕಂದ್ರ ನರ ದಿನಕ್ಕ ಸುಮಾರು 1 ಮಿಲಿಮೀಟರ್ ಬೆಳೀತದ, ಅದು ಬಂದು ಮುಟ್ಟೋದ್ರೊಳಗ ಮಾಂಸ ಸೊರಗಿ ಹೋಗ್ತದ. ಮೊದಲ 6 ತಿಂಗಳಾಗೇ ಆಪರೇಷನ್ ಆಗಬೇಕು.

ಇನ್ನೊಂದು ಮಾತು, ಬರೀಲಿಕ್ಕ ಸಂಕೋಚ ಆದ್ರೂ ಬರೀತೀನಿ, ನಮ್ಮ ವೈನಿಗೆ ಕೇಳೇ ಬರೀತಿದ್ದೀನಿ. ಅವರಿಗೆ ಕ್ಯಾನ್ಸರ್ ಆಗಿ ಒಂದು ಕಡಿ ಸ್ತನ ತೆಗೆದು 3 ವರ್ಷ ಆಯ್ತು. ದಿನಾ ಮುಂಜಾನೆ ಹಳೇ ಸೀರಿ ತುಂಡಿನಾಗ ಹತ್ತಿ ತುಂಬಿ ಗಂಟು ಕಟ್ಟಿ ಬ್ಲೌಸಿನಾಗ ಇಟ್ಕೊಂಡೇ ಹೊಲಕ್ಕ ಹೋಗ್ತಾರ, ಬಗ್ಗಿದಾಗ ಗಂಟು ಜಾರ್ತದಂತ ಎಡಗೈ ಯಾವಾಗ್ಲೂ ಎದಿ ಮ್ಯಾಲೇ ಇರ್ತದ. ಹೊಟ್ಟಿ ಕೆಳಗಿನ ಚರ್ಮ ಕೊಬ್ಬು, ಇಲ್ಲಾಂದ್ರ ಬೆನ್ನಿನ ಮಾಂಸ ತಂದು, ಅಥವಾ ಸಿಲಿಕೋನ್ ಇಟ್ಟು ಸ್ತನ ಮತ್ತ ಕಟ್ಟಲಿಕ್ಕ ಬರ್ತದ, ವರ್ಷಗಟ್ಟಲೆ ಆದಮ್ಯಾಲೂ ಬರ್ತದ ಅಂತ ಇಷ್ಟು ದಿನದಾಗ ಅವರಿಗೆ ಒಬ್ರೂ ಹೇಳಿರಲಿಲ್ಲ. ಜೀವ ಉಳೀತಲ್ಲ ಸಾಕು ಅಂದ್ರು ಎಲ್ಲಾರೂ, ನಾನೂ ಅಂದೀನಿ, ಅದು ತಪ್ಪು. ಸ್ತನದ ಭಾರ ಹೆಚ್ಚಾಗಿ ಕುತ್ತಿಗಿ ನೋವು, ಹೆಗಲ ಮ್ಯಾಲ ಪಟ್ಟಿ ಗಾಯ ಇರೋ ಹೆಣ್ಮಕ್ಕಳಿಗೂ, ಎದಿ ಉಬ್ಬಿ ಬಾವ್ಯಾಗ ಈಜಲಿಕ್ಕ ಅಂಗಿ ಬಿಚ್ಚದ ಹುಡುಗ್ರಿಗೂ ಆಪರೇಷನ್ ಅದ. ಇದೆಲ್ಲಾ ಶೋಕಿ ಅಲ್ರಿ.

ಆರೋಗ್ಯ ಇಲಾಖೆಯವ್ರಿಗೆ ನನ್ನ ಕೇಳಿಕಿ ಇಷ್ಟು: ಮುಂದಿನ ತೊಗರಿ ರಾಶಿ ಶುರು ಆಗೋದ್ರೊಳಗ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆದಾಗ ಪ್ರತಿ ಪಿಎಚ್‌ಸಿ ಗೋಡಿ ಮ್ಯಾಲ, ದಾಲ್ ಮಿಲ್ಲಿನಾಗ ಆ ಎರಡು ಚೀಲದ ಚಿತ್ರ ಬರೆಸ್ರಿ, ಆಶಾ ಅಕ್ಕಂದಿರಿಗೂ ಕಲಿಸ್ರಿ. ಯಾವ ಆಪರೇಷನ್ನಿಗೆ ಆಯುಷ್ಮಾನ್ ಕಾರ್ಡ್ ನಡೀತದ ಅಂತ ಆಸ್ಪತ್ರಿಯಾಗ ಕಾರ್ಡಿನ ಕೆಲಸ ನೋಡೋ ಆರೋಗ್ಯ ಮಿತ್ರರು ಬಾಯಿಬಿಟ್ಟು ಹೇಳ್ಲಿ, ಕ್ಯಾನ್ಸರ್ ವಾರ್ಡಿನಾಗಂತೂ ಸ್ತನ ತೆಗೆಯೋಕ್ಕ ಮೊದಲೇ ಹೇಳ್ಲಿ.

ತಮ್ಮ ಈಗ ಎಡಗೈಲೆ ರೊಟ್ಟಿ ಮುರಿಯೋದು ಕಲೀತಾ ಇದ್ದಾನ. ವೈನಿ ಬರೋ ಸೋಮವಾರ ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಅಂದಾರ.

ಒಬ್ಬ ಓದುಗ,
ಆಳಂದ ತಾಲೂಕು, ಕಲಬುರಗಿ ಜಿಲ್ಲೆ