ಡೋಲು ಬಾರಿಸಿದವರು ಯಾರು?

ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಒಂದು ಹೊಸ ಫ್ಯೂಷನ್ ಆಲ್ಬಂ ಬಗ್ಗೆ ಬರೆದಿದ್ದಿರಿ. ಯಾವ ಕಂಪನಿಯ ಹಂಗೂ ಇಲ್ಲದೆ ಕಲಾವಿದರೇ ಕೈಯಿಂದ ದುಡ್ಡು ಹಾಕಿ ಮಾಡಿದ್ದು, ಜಾಝ್, ಸ್ಪೇನಿನ ಫ್ಲಮೆಂಕೊ, ಆಫ್ರಿಕಾದ ಸಂಗೀತ ಮೂರನ್ನೂ ಸೇರಿಸಿದ್ದು ಅಂತ ಇತ್ತು. ಮೊಮ್ಮಗಳ ಫೋನಿನಲ್ಲಿ ಹುಡುಕಿಸಿ, ನನ್ನ ಹಳೆಯ ಆಂಪ್ಲಿಫಯರ್‌ಗೆ ಸಿಕ್ಕಿಸಿ ಕೇಳಿದೆ. ತುಂಬಾ ಚೆನ್ನಾಗಿದೆ. ಮಳೆಗೆ ಎರಡು ಸಲ ಕರೆಂಟ್ ಹೋಯಿತು. ಎರಡು ಸಲವೂ ಮತ್ತೆ ಮೊದಲಿಂದ ಹಾಕಿದೆ, ಬೇಜಾರಾಗಲಿಲ್ಲ.

ಆದರೆ ಒಂದು ತಕರಾರಿದೆ. ಗಿಟಾರ್ ನುಡಿಸಿದವರ ಹೆಸರು ಹಾಕಿದ್ದೀರಿ. ಅವರು ಯಾರ ಹತ್ತಿರ ಕಲಿತರು ಅಂತಾನೂ ಇದೆ. ಪಿಯಾನೊದವರ ಹೆಸರಿದೆ, ಜೊತೆಗೆ ಫೋಟೊ. ಡೋಲಿನ ವಿಷಯ ಬಂದಾಗ ಮಾತ್ರ ‘ಆಫ್ರಿಕನ್ ತಾಳವಾದ್ಯಗಳು ಮೆರುಗು ನೀಡಿವೆ’ ಅಂತ ಮುಗಿಸಿದ್ದೀರಿ. ವಾದ್ಯ ತನ್ನನ್ನು ತಾನೇ ಬಾರಿಸಿಕೊಂಡಿತಾ? ಆಫ್ರಿಕಾದಲ್ಲಿ 54 ದೇಶಗಳಿವೆ. ಹೆಸರು ಹೋಗಲಿ, ಯಾವ ದೇಶದವರು ಅಂತನಾದರೂ ಹೇಳಬಹುದಿತ್ತು, ಅಲ್ವಾ? ಮೊಮ್ಮಗಳು ಫೋನಿನಲ್ಲಿ ತಡಕಾಡಿದಳು. ಅಲ್ಲೂ ಮುಖ್ಯ ಕಲಾವಿದರ ಹೆಸರು ಬಿಟ್ಟರೆ ಬೇರೇನೂ ಸಿಗಲಿಲ್ಲ.

ನಾನು ಕೊಡಗಿನ ಗೋಣಿಕೊಪ್ಪದಲ್ಲಿ 31 ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವನು. ಮದುವೆ, ದಸರಾ, ಹಾಕಿ ಪಂದ್ಯ, ಎಲೆಕ್ಷನ್ ಭಾಷಣ, ಎಲ್ಲದಕ್ಕೂ ಹಾರನ್ ಕಟ್ಟಿದ್ದೇನೆ. ಈಗ ಅಂಗಡಿ ಮುಚ್ಚಿ ಎರಡೂವರೆ ಎಕರೆ ಕಾಫಿ ನೋಡಿಕೊಂಡಿದ್ದೇನೆ. ಸಂಗೀತ ಕಲಿತವನಲ್ಲ. ಯಾವ ವಾದ್ಯಕ್ಕೆ ಮೈಕ್ ಎಲ್ಲಿಡಬೇಕು ಅಂತ ನೋಡಿ ನೋಡಿ ಕಿವಿ ಸ್ವಲ್ಪ ಪಳಗಿದೆ, ಅಷ್ಟೇ.

ಆ ಆಲ್ಬಮ್ಮಿನ ಮೂರನೆಯ ಹಾಡನ್ನು ಇನ್ನೊಮ್ಮೆ ಕೇಳಿ. ಫ್ಲಮೆಂಕೊದಲ್ಲಿ ಬುಲೆರಿಯಾ ಅಂತ ಒಂದು ಬಗೆ ಇದೆ. 12 ಎಣಿಕೆಯ ಸುತ್ತು. ಚಪ್ಪಾಳೆ ತಟ್ಟುವವರು ಒಂದರಿಂದ ಶುರು ಮಾಡುವುದಿಲ್ಲ, ಹನ್ನೆರಡರಿಂದ ಎಣಿಸುತ್ತಾರೆ. ಒತ್ತು ಬೀಳುವುದು 12, 3, 6, 8, 10ರ ಮೇಲೆ. ಅಂದರೆ ಮೂರು, ಮೂರು, ಎರಡು, ಎರಡು, ಎರಡು. ಅಂಗಳದಲ್ಲಿ ನಿಂತು ನಾನೂ ತಟ್ಟಿ ನೋಡಿದೆ. ನಾಲ್ಕನೇ ಸುತ್ತಿಗೆ ತಪ್ಪಿತು, ಮೆಣಸು ಹೆಕ್ಕುತ್ತಿದ್ದ ಹೆಂಗಸರು ನಕ್ಕರು. ಪಶ್ಚಿಮ ಆಫ್ರಿಕಾದಲ್ಲೂ ಕಬ್ಬಿಣದ ಗಂಟೆಯ ಒಂದು ತಾಳ ಇದೆ. ಅದೂ ಹನ್ನೆರಡರದ್ದೇ, ಪೆಟ್ಟು ಮಾತ್ರ ಏಳು. ಈ ಹಾಡಿನಲ್ಲಿ ಚಪ್ಪಾಳೆ ಒಂದು ಕಡೆ ಎಳೆಯುತ್ತದೆ, ಗಂಟೆ ಇನ್ನೊಂದು ಕಡೆ. ನಡುವೆ ಡೋಲಿನವರು ಎರಡನ್ನೂ ಹಿಡಿದು ನಿಂತಿದ್ದಾರೆ. ಅವರು ಅರೆಗಳಿಗೆ ಕೈ ಬಿಟ್ಟರೂ ಗಿಟಾರ್‌ಗೆ ಕಾಲೂರಲು ಜಾಗ ಇರುವುದಿಲ್ಲ. ಅದು ಮೆರುಗು ಅಲ್ಲ ಸ್ವಾಮಿ, ಮನೆಯ ತೊಲೆ.

ಇನ್ನೊಂದು ಮಾತು. ‘ದೂರದ ಮೂರು ಲೋಕಗಳ ಸೊಗಸಾದ ಕಲಬೆರಕೆ’ ಅಂತ ಬರೆದಿದ್ದೀರಿ. ಕಾಫಿ ಬೆಳೆಯುವವರ ಮುಂದೆ ಈ ಪದ ಸುಮ್ನೆ ಬಳಸಬೇಡಿ. ಅರೇಬಿಕಾಕ್ಕೆ ರೊಬಸ್ಟಾ ಸೇರಿಸಿದರೆ ಬ್ಲೆಂಡ್. ಎರಡರದ್ದೂ ತವರು ಆಫ್ರಿಕಾ, ಒಂದೇ ಕುಲದ ಗಿಡಗಳು. ಹುಣಸೆ ಬೀಜದ ಪುಡಿ ಸೇರಿಸಿದರೆ ಅದು ಕಲಬೆರಕೆ. ಈ ಮೂರು ಸಂಗೀತಗಳೂ ಹಳೆಯ ನೆಂಟರೇ. ಜಾಝ್ ಹುಟ್ಟಿದ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಭಾನುವಾರ ಕಾಂಗೊ ಸ್ಕ್ವೇರ್ ಅನ್ನುವ ಬಯಲಿನಲ್ಲಿ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದರು. ಎಲ್ಲ ಕಡೆ ಅಷ್ಟು ಸ್ವಾತಂತ್ರ್ಯವೂ ಇರಲಿಲ್ಲ. ಸೌತ್ ಕ್ಯಾರೊಲಿನಾದಲ್ಲಿ ಗುಲಾಮರು ದಂಗೆ ಎದ್ದ ಮೇಲೆ, 1740ರಲ್ಲಿ, ಅವರು ಡೋಲು ಮುಟ್ಟಬಾರದು ಅಂತ ಕಾನೂನೇ ಬಂತು.

ಫ್ಲಮೆಂಕೊವನ್ನು ಬೆಳೆಸಿದ ರೋಮಾ (ಜಿಪ್ಸಿ ಅಂತಾರಲ್ಲ, ಅವರು) ಜನರ ಪೂರ್ವಿಕರು ನಮ್ಮ ದೇಶದ ವಾಯವ್ಯದ ಕಡೆಯಿಂದ ಹೋದವರು. ಆದರೆ ಅದರ ಜೊತೆ ಇವತ್ತು ಬಾರಿಸುವ ಮರದ ಪೆಟ್ಟಿಗೆ ಇದೆಯಲ್ಲ, ಕಹೋನ್, ಅದು ಸ್ಪೇನಿನದ್ದಲ್ಲ. ಪೆರುವಿನಲ್ಲಿದ್ದ ಆಫ್ರಿಕಾ ಮೂಲದವರದ್ದು. 1970ರ ದಶಕದಲ್ಲಿ ಗಿಟಾರ್ ವಾದಕ ಪಾಕೊ ಡಿ ಲುಸಿಯಾ ಪೆರುವಿಗೆ ಹೋದಾಗ ಕೈಟ್ರೊ ಸೊಟೊ ಎಂಬ ವಾದಕರಿಂದ ಒಂದು ಪೆಟ್ಟಿಗೆ ತಂದರು. ಈಗ ಅದಿಲ್ಲದ ಫ್ಲಮೆಂಕೊ ಕಚೇರಿ ಕಾಣುವುದೇ ಕಷ್ಟ. ಪಾಕೊ ಹೆಸರು ನಿಮಗೆ ಗೊತ್ತಿರುತ್ತದೆ. ಸೊಟೊ ಹೆಸರು?

ಹೆಸರು ಹಾಕುವುದು ಕಷ್ಟದ ಕೆಲಸ ಏನಲ್ಲ. 1988ರಲ್ಲಿ ‘ಸಾಂಘಾಯ್’ ಅಂತ ಒಂದು ರೆಕಾರ್ಡ್ ಬಂತು. ಸ್ಪೇನಿನ ಕೆಟಾಮಾ ತಂಡದ ಫ್ಲಮೆಂಕೊ, ಇಂಗ್ಲೆಂಡಿನ ಡ್ಯಾನಿ ಥಾಮ್ಸನ್ ಅವರ ಡಬಲ್ ಬಾಸ್, ಮಾಲಿ ದೇಶದ ತುಮಾನಿ ಜಬಾಟೆ ಅವರ ಕೋರಾ. ಕೋರಾ ಅಂದರೆ ಸೋರೆ ಬುರುಡೆಗೆ ಚರ್ಮ ಬಿಗಿದು 21 ತಂತಿ ಕಟ್ಟಿದ ವಾದ್ಯ. ಮೂವರ ಹೆಸರೂ ಆ ರೆಕಾರ್ಡ್ ಮೇಲೆ ಒಟ್ಟಿಗೆ ಇದೆ. ‘ಆಫ್ರಿಕನ್ ತಂತಿವಾದ್ಯ’ ಅಂತ ಬರೆದು ಅವರು ಕೈ ತೊಳೆದುಕೊಳ್ಳಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಮದುವೆ ಮನೆಯಲ್ಲಿ ವಾಲಗದವರ ಡೋಲಿಗೆ ನಾನು ಯಾವತ್ತೂ ಮೈಕ್ ಇಟ್ಟವನಲ್ಲ. ಅದು ತಾನಾಗೇ ಅರ್ಧ ಮೈಲಿ ಕೇಳುತ್ತದೆ. ಹಾಗಾಗಿ ಅವರ ಹತ್ತಿರ ಹೋಗಿ ಮಾತಾಡಿಸುವ ಪ್ರಮೇಯವೇ ಬರಲಿಲ್ಲ. ನನ್ನ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಮದುಮಗನ ಮನೆತನ ಇದೆ, ಜೀಪಿನವನ ಹೆಸರಿದೆ, ಅಡುಗೆಯವರ ಹೆಸರಿದೆ. ವಾಲಗದವರು ಮಾತ್ರ ಬರೀ ‘ವಾಲಗ’. (ನನ್ನ ಹೆಸರೂ ಊರಲ್ಲಿ ಯಾರಿಗೂ ಗೊತ್ತಿಲ್ಲ, ಎಲ್ಲರೂ ಮೈಕ್‌ಸೆಟ್ ಅಣ್ಣ ಅನ್ನುತ್ತಾರೆ. ಅದು ಬೇರೆ ಮಾತು.)

1994ರ ಪುತ್ತರಿಯಲ್ಲಿ (ನಮ್ಮ ಸುಗ್ಗಿ ಹಬ್ಬ) ನಾಪೋಕ್ಲು ಕಡೆಯ ಒಂದು ಕೊಡವ ಮನೆತನದ ಮೂಲಮನೆಗೆ, ಅಂದರೆ ಐನ್‌ಮನೆಗೆ ಲೈಟು, ಮೈಕು ಹಾಕಲು ಹೋಗಿದ್ದೆ. ರಾತ್ರಿ ನಾಲ್ವರು ಕೂತು ದುಡಿ ಅನ್ನುವ ಸಣ್ಣ ಡೋಲು ಬಾರಿಸುತ್ತ ಪಾಟ್, ಅಂದರೆ ಕೊಡವರ ಹಾಡು, ಹಾಡಿದರು. ಇಬ್ಬರು ಒಂದು ಸಾಲು ಹಾಡುವುದು, ಉಳಿದಿಬ್ಬರು ಅದನ್ನೇ ತಿರುಗಿ ಹೇಳುವುದು. ಟೇಪ್ ಡೆಕ್ ಇತ್ತು, ಖಾಲಿ ಕ್ಯಾಸೆಟ್ ಇತ್ತು, ತುಂಬಿಸಿಕೊಂಡೆ. ಮೇಲೆ ‘ಪುತ್ತರಿ ಪಾಟ್, 94’ ಅಂತ ಬರೆದೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಬೆಂಗಳೂರಿನಿಂದ ನನ್ನನ್ನು ಹುಡುಕಿಕೊಂಡು ಬಂದಳು. ಆ ನಾಲ್ವರಲ್ಲಿ ಒಬ್ಬರು ಅವಳ ಅಜ್ಜ. ಅವಳು ಹುಟ್ಟುವ ಮೊದಲೇ ತೀರಿಕೊಂಡವರು. ತಂದೆಯೂ ಈಗಿಲ್ಲ. ಅಜ್ಜನ ದನಿ ಬೇರೆಲ್ಲೂ ಉಳಿದಿಲ್ಲವಂತೆ. ಕ್ಯಾಸೆಟ್‌ಗೆ ಬೂಸ್ಟು ಹಿಡಿದಿತ್ತು. ಒರೆಸಿ ಹಾಕಿದೆ. ದುಡಿ ಸ್ಪಷ್ಟವಾಗಿ ಕೇಳಿತು, ದನಿಗಳೂ ಕೇಳಿದವು. ‘ಇದರಲ್ಲಿ ಅಜ್ಜ ಯಾವುದು ಅಂಕಲ್?’ ಅಂದಳು. ನನಗೆ ಹೇಳಲು ಬರಲಿಲ್ಲ. ಅವತ್ತು ನಾಲ್ವರ ಹೆಸರನ್ನು ಕೂತ ಸಾಲಿನಲ್ಲೇ ಬರೆದುಕೊಳ್ಳಲು ಎರಡು ನಿಮಿಷ ಜಾಸ್ತಿಯಾಗುತ್ತಿತ್ತು. ಅವಳು ಪೂರ್ತಿ ಒಂದು ಗಂಟೆಯದ್ದನ್ನೂ ಫೋನಿಗೆ ಹಾಕಿಕೊಂಡು ಹೋದಳು.

ಈ ಆಲ್ಬಂ ಮಾಡಿದವರ ಹಿಂದೆ ಹೆಸರು, ದಾಖಲೆ ಇಟ್ಟುಕೊಳ್ಳಲು ಕಂಪನಿ ಇಲ್ಲ. ಇವತ್ತಿನ ಪೇಪರಿನಲ್ಲಿ ಏನು ಬರುತ್ತದೋ ಅದೇ ಉಳಿಯುವುದು. ಹಾಗಾಗಿ ಮುಂದಿನ ಭಾನುವಾರ ಒಂದು ಸಾಲು ಹಾಕಿ: ಡೋಲಿನವರ ಹೆಸರು, ಊರು. ಕಲಾವಿದರಿಗೆ ಒಂದು ಫೋನ್ ಮಾಡಿದರೆ ಸಿಗುತ್ತದೆ. ಹಾಗೇ, ಮೂರನೆಯ ಹಾಡಿನಲ್ಲಿ ಗಂಟೆ ಹೊಡೆದವರೂ ಅವರೇನಾ ಅಂತ ಕೇಳಿ. ನನ್ನ ಕಿವಿಗೆ ಅದು ಬೇರೆ ಕೈ ಅನ್ನಿಸುತ್ತದೆ.

– ಮೈಕ್‌ಸೆಟ್ ಅಣ್ಣ, ಗೋಣಿಕೊಪ್ಪ